ಮತ್ತೆ ಮತ್ತೆ ಸೂಜಿ, ಮತ್ತೆ ಮತ್ತೆ ಆಸ್ಪತ್ರೆ: ಕೊಡಗಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಥಲಸ್ಸೇಮಿಯಾ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ, ಇರುವ ಮಗುವಿಗೆ ಎರಡರಿಂದ ಐದು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಎರಡು ಮೂರು ವರ್ಷ ಚಿಕಿತ್ಸೆ, ನಡುನಡುವೆ ಬೆನ್ನಿನ ನೀರು ತೆಗೆಯುವುದು. ಪಾದ ತಿರುಚಿಕೊಂಡು ಹುಟ್ಟಿದ ಮಗುವಿಗೆ ವಾರ ವಾರ ಪ್ಲಾಸ್ಟರ್ ಬಿಚ್ಚಿ ಹೊಸದು ಹಾಕಬೇಕು. ಸುಟ್ಟ ಗಾಯ ಆದವರಿಗೆ ಡ್ರೆಸ್ಸಿಂಗ್. ಕಾಯಿಲೆ ಬೇರೆ ಬೇರೆ, ಆದರೆ ಆ ಬಾಗಿಲ ಹತ್ತಿರ ಬಂದಾಗ ಮಗು ನಮ್ಮ ಕುತ್ತಿಗೆಗೆ ಜೋತು ಬೀಳುವ ರೀತಿ ಎಲ್ಲರ ಮನೆಯಲ್ಲೂ ಒಂದೇ.

ನಾನು ಡಾಕ್ಟರ್ ಅಲ್ಲ. ಸುಂಟಿಕೊಪ್ಪದ ಕಡೆಯಿಂದ ಮಗಳನ್ನು ರಕ್ತ ಹಾಕಿಸಲು ಕರೆದುಕೊಂಡು ಹೋಗುವ ತಾಯಿ. ವಾರ್ಡಿನಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಬೇರೆ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಹೆಚ್ಚಾಗಿ ಒಂದರಿಂದ ಏಳು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಔಷಧಿಯ ವಿಷಯ ಬಂದ ಕಡೆ ನಿಮ್ಮ ಮಗುವನ್ನು ನೋಡುವ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು.

ಆಸ್ಪತ್ರೆಗೆ ಹೋಗ್ತಿದ್ದೀವಿ ಅಂತ ಮಗುವಿಗೆ ಮೊದಲೇ ಹೇಳಬೇಕಾ? ಹೇಳಿದರೆ ಹಿಂದಿನ ರಾತ್ರಿಯಿಂದಲೇ ಅಳು ಶುರು.

ಹೇಳಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

"ಮೈಸೂರಿನ ಝೂಗೆ ಹೋಗೋಣ" ಎಂದು ಹೊರಡಿಸಿ, ಆಸ್ಪತ್ರೆಯ ಗೇಟಿನ ಮುಂದೆ ಇಳಿಸಿದರೆ ಆ ಒಂದು ಬೆಳಿಗ್ಗೆ ಸಲೀಸಾಗಿ ಕಳೆಯಬಹುದು. ಆದರೆ ಒಂದೇ ಸಲಕ್ಕೆ ಮುಗಿಯುವ ಕೆಲಸ ಇದಲ್ಲವಲ್ಲ. ಮುಂದಿನ ಸಲ ನಿಜವಾಗಿ ಝೂಗೇ ಹೊರಟರೂ ಮಗು ಕಾರು ಹತ್ತುವುದಿಲ್ಲ. ಯಾವ ದಿನ ಸೂಜಿ, ಯಾವ ದಿನ ಇಲ್ಲ ಎಂದು ಗೊತ್ತಿರದ ಮಗುವಿಗೆ ಎಲ್ಲ ದಿನವೂ ಭಯವೇ. ಗೊತ್ತಿರುವ ಮಗುವಿಗೆ ಉಳಿದ ದಿನಗಳಾದರೂ ನೆಮ್ಮದಿ.

ಯಾವಾಗ ಹೇಳಬೇಕು ಎಂಬುದು ವಯಸ್ಸಿನ ಮೇಲಿದೆ. ಎರಡು ಮೂರು ವರ್ಷದವರಿಗೆ ಅದೇ ದಿನ ಬೆಳಿಗ್ಗೆ ಹೇಳಿದರೆ ಸಾಕು, ಆಸ್ಪತ್ರೆ ಹತ್ತಿರ ಬಂದಾಗ ಇನ್ನೊಮ್ಮೆ ಹೇಳಿ. ನಾಲ್ಕರಿಂದ ಆರು ವರ್ಷದವರಿಗೆ ಹಿಂದಿನ ದಿನ. ಏಳು ದಾಟಿದವರಿಗೆ ಕೆಲವು ದಿನ ಮುಂಚೆ, ಅವರಿಗೆ ಪ್ರಶ್ನೆ ಕೇಳಲು ಸಮಯ ಬೇಕು. ಮಲಗುವ ಹೊತ್ತಿಗೆ ಮಾತ್ರ ಹೇಳಬೇಡಿ. ಸಂಜೆ ಆಟ ಮುಗಿದ ಮೇಲೆ, ಊಟಕ್ಕೆ ಮುಂಚೆ ಹೇಳಿ.

ಹೇಳುವುದು ಚಿಕ್ಕದಾಗಿರಲಿ. "ನಾಳೆ ಆಸ್ಪತ್ರೆ. ಸಿಸ್ಟರ್ ಕೈಗೆ ಸೂಜಿ ಹಾಕ್ತಾರೆ. ಆಮೇಲೆ ಪೈಪಲ್ಲಿ ರಕ್ತ ಬರುತ್ತೆ. ನಾನು ಪಕ್ಕದಲ್ಲೇ ಇರ್ತೀನಿ. ಮುಗಿದ ಮೇಲೆ ಮನೆಗೆ." ಅಷ್ಟು ಹೇಳಿ ಸುಮ್ಮನಾಗಿ. ಅತ್ತರೆ ಅಳಲಿ. ಅದು ವಿಷಯ ಗೊತ್ತಿರುವ ಮಗುವಿನ ಅಳು, ಮೋಸ ಹೋದ ಮಗುವಿನದ್ದಲ್ಲ. ಈ ಎರಡು ಅಳುವಿನ ವ್ಯತ್ಯಾಸ ಅಪ್ಪ ಅಮ್ಮನ ಕಿವಿಗೆ ಬೇಗ ಗೊತ್ತಾಗುತ್ತದೆ.

"ನೋವಾಗುತ್ತಾ ಅಮ್ಮ?" ಎಂದು ಕೇಳಿದರೆ ಏನು ಹೇಳಲಿ?

ನೋವಾಗುವುದಾದರೆ ಆಗುತ್ತೆ ಎಂದೇ ಹೇಳಿ. ಎಷ್ಟು ಹೊತ್ತು ಎಂದೂ ಹೇಳಿ. "ಚುಚ್ಚುವಾಗ ಚುರುಕ್ ಅನ್ನುತ್ತೆ. ನಾವಿಬ್ಬರೂ ಹತ್ತು ಎಣಿಸೋಷ್ಟರಲ್ಲಿ ಕಮ್ಮಿ ಆಗುತ್ತೆ."

"ಏನೂ ಆಗಲ್ಲ, ಏನೂ ಆಗಲ್ಲ" ಎಂಬ ಮಾತು ನಮ್ಮೆಲ್ಲರ ಬಾಯಿಗೆ ತಾನಾಗಿ ಬರುತ್ತದೆ. ಸೂಜಿ ಹಾಕುವ ಹೊತ್ತಿನಲ್ಲಿ ಈ ಸಮಾಧಾನದ ಮಾತು ಮಗುವಿನ ಗಾಬರಿಯನ್ನು ಕಮ್ಮಿ ಮಾಡುವುದಿಲ್ಲ, ಹೆಚ್ಚಿಸಬಹುದು ಎಂದು ಮಕ್ಕಳ ನೋವಿನ ಬಗ್ಗೆ ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. "ಸಾರಿ ಕಂದ" ಎಂದು ಮತ್ತೆ ಮತ್ತೆ ಹೇಳುವುದೂ ಅಷ್ಟೇ. ಅಮ್ಮ ಇಷ್ಟು ಕ್ಷಮೆ ಕೇಳುತ್ತಿದ್ದಾಳೆ ಅಂದರೆ ಏನೋ ದೊಡ್ಡದೇ ಆಗುತ್ತಿದೆ ಎಂದು ಮಗು ಅಂದುಕೊಳ್ಳುತ್ತದೆ. ಅದರ ಬದಲು ಮಗುವಿಗೆ ಮಾಡಲು ಏನಾದರೂ ಕೆಲಸ ಕೊಡಿ. ಊದು, ಎಣಿಸು, ನನ್ನ ಬೆರಳು ಗಟ್ಟಿಯಾಗಿ ಹಿಂಡು.

ನಮ್ಮದು ಇನ್ನೂ ಎಂಟು ತಿಂಗಳ ಕೂಸು. ಅದಕ್ಕೆ ಇದೆಲ್ಲ ಗೊತ್ತಾಗುತ್ತಾ?

ನೋವು ಗೊತ್ತಾಗುತ್ತದೆ. ಹುಟ್ಟಿದ ಮಗುವಿಗೂ ಗೊತ್ತಾಗುತ್ತದೆ. ಎದೆಹಾಲು ಕುಡಿಯುವ ಮಗುವಾದರೆ ಸೂಜಿಗೆ ಸ್ವಲ್ಪ ಮುಂಚೆ ಶುರು ಮಾಡಿ, ಹಾಕುವಾಗಲೂ ಆಮೇಲೂ ಕುಡಿಸುತ್ತಿರಿ. ಲಸಿಕೆಯ ನೋವು ಕಮ್ಮಿ ಮಾಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರುವ ಕ್ರಮಗಳಲ್ಲಿ ಇದೂ ಒಂದು. ಮಲಗಿಸುವ ಬದಲು ತೊಡೆ ಮೇಲೆ ಕೂರಿಸಿಕೊಳ್ಳಿ ಎಂಬುದೂ ಅದರಲ್ಲೇ ಇದೆ. "ಇಲ್ಲೇ ಹಾಲು ಕುಡಿಸ್ತಾ ಹಾಕಿಸಬಹುದಾ ಸಿಸ್ಟರ್?" ಎಂದು ಕೇಳಲು ಸಂಕೋಚ ಬೇಡ. ಖಾಲಿ ಹೊಟ್ಟೆಯಲ್ಲಿ ಇರಬೇಕು ಎಂದು ಹೇಳಿದ್ದ ದಿನ ಮಾತ್ರ ಇದು ಆಗದು.

ನಾಲ್ಕು ಜನ ಸೇರಿ ಕೈಕಾಲು ಹಿಡಿಯುತ್ತಾರೆ. ನಮ್ಮನ್ನು ಹೊರಗೆ ನಿಲ್ಲಿ ಅಂತಾರೆ. ಏನು ಮಾಡೋದು?

ಇದು ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ, ಎಲ್ಲಕ್ಕಿಂತ ಜಾಸ್ತಿ ಕಣ್ಣೀರು ತರಿಸುವ ಪ್ರಶ್ನೆಯೂ ಹೌದು.

ಅಂಗಾತ ಮಲಗಿಸಿ ಮೇಲಿಂದ ಅದುಮಿ ಹಿಡಿದಾಗ ಮಗುವಿಗೆ ಸೂಜಿಗಿಂತ ಆ ಹಿಡಿತವೇ ದೊಡ್ಡ ಭಯ. ಅದಕ್ಕೆ ಇನ್ನೊಂದು ದಾರಿ ಇದೆ. ನೀವು ಕುರ್ಚಿಯಲ್ಲಿ ಕೂರಿ. ಮಗು ನಿಮ್ಮ ಕಡೆ ಮುಖ ಮಾಡಿ, ಎದೆಗೆ ಎದೆ ತಾಗಿಸಿ ಕೂರಲಿ. ಅದರ ಎರಡು ಕಾಲು ನಿಮ್ಮ ಸೊಂಟದ ಆಚೀಚೆ. ಒಂದು ಕೈ ನಿಮ್ಮ ಕಂಕುಳ ಕೆಳಗೆ ಬೆನ್ನ ಹಿಂದೆ ಹೋಗಲಿ. ಸೂಜಿ ಹಾಕುವ ಕೈ ಮಾತ್ರ ಪಕ್ಕಕ್ಕೆ ಚಾಚಿ, ದಿಂಬಿನ ಮೇಲೋ ಮೇಜಿನ ಮೇಲೋ ಇರಲಿ. ಆ ಕೈಯನ್ನು ಒಬ್ಬ ಸಿಸ್ಟರ್ ಹಿಡಿದರೆ ಸಾಕು. ನೋಡಿದವರಿಗೆ ಇದು ಅಪ್ಪುಗೆ, ಆದರೆ ಮಗು ಅಲುಗಾಡದ ಹಾಗೆ ಭದ್ರವಾಗಿಯೂ ಇರುತ್ತದೆ.

ಒಳಗೆ ಹೋದ ಮೇಲೆ ಜಗಳ ಆಡಿದರೆ ಆಗುವುದಿಲ್ಲ. ಮೊದಲೇ, ಸಿಸ್ಟರ್ ಕೈಯಲ್ಲಿ ಸೂಜಿ ಇಲ್ಲದಾಗ, ಮೆಲ್ಲಗೆ ಕೇಳಿ: "ಸಿಸ್ಟರ್, ಇವಳು ನನ್ನ ತೊಡೆ ಮೇಲೆ ಕೂತರೆ ಕಮ್ಮಿ ಒದ್ದಾಡ್ತಾಳೆ. ಹಾಗೆ ಒಂದು ಸಲ ನೋಡೋಣ್ವಾ?" ಅವರಿಗೂ ಬೇಕಾಗಿರುವುದು ಅಲುಗಾಡದ ಕೈ. ಹೀಗೆ ಕೇಳಿದಾಗ ಬಹಳ ಜನ ಒಪ್ಪುತ್ತಾರೆ. ಬೆನ್ನಿನ ನೀರು ತೆಗೆಯುವಂಥ ಕೆಲಸಕ್ಕೆ ಒಳಗೆ ಬಿಡದಿರಲು ಕಾರಣ ಇರಬಹುದು. ಆಗ ಮಗುವಿಗೆ ನಿದ್ದೆ ಬರುವವರೆಗಾದರೂ ಇರಲು, ಎಚ್ಚರ ಆಗುವಾಗ ಪಕ್ಕದಲ್ಲಿರಲು ಕೇಳಿಕೊಳ್ಳಿ. ಎದ್ದ ಕೂಡಲೇ ಕಾಣುವ ಮುಖ ನಿಮ್ಮದಾಗಿರಬೇಕು.

ಹೊರಗೆ ನಿಲ್ಲಲೇಬೇಕಾದರೆ ಕದ್ದು ಹೋಗಬೇಡಿ. "ನಾನು ಈ ಬಾಗಿಲ ಆಚೆ ಕೂತಿರ್ತೀನಿ" ಎಂದು ಹೇಳಿ ಹೋಗಿ, ಅಲ್ಲೇ ಕೂತಿರಿ.

ನರ ಸಿಗದೆ ಮತ್ತೆ ಮತ್ತೆ ಚುಚ್ಚುತ್ತಾರೆ. ನಾವು ಏನಾದರೂ ಮಾಡಬಹುದಾ?

ಬೇಕಾದಷ್ಟು ಮಾಡಬಹುದು.

ಮೊದಲನೆಯದು ಬಿಸಿ. ಜುಲೈ ತಿಂಗಳಲ್ಲಿ ನಮ್ಮ ಕಡೆಯಿಂದ ಹೊರಟ ಮಗುವಿನ ಕೈ ಹೇಗಿರುತ್ತದೆ ನಿಮಗೇ ಗೊತ್ತು. ತಣ್ಣಗಿನ ಕೈಯಲ್ಲಿ ನರ ಕುಗ್ಗಿ ಒಳಗೆ ಸೇರಿಕೊಂಡಿರುತ್ತದೆ. ಸ್ವೆಟರ್ ಹಾಕಿಸಿ, ಕೈಗೆ ಕಾಲುಚೀಲವನ್ನಾದರೂ ಹಾಕಿ ಕರೆದುಕೊಂಡು ಹೋಗಿ. ಸೂಜಿಗೆ ಐದು ಹತ್ತು ನಿಮಿಷ ಮುಂಚೆ ಬಾಟಲಿಯಲ್ಲಿ ಬೆಚ್ಚಗಿನ ನೀರು ತುಂಬಿ, ಟವೆಲ್ ಸುತ್ತಿ ಆ ಕೈಗೆ ಒತ್ತಿ ಹಿಡಿಯಿರಿ. ಮೊದಲು ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡಿ, ಸುಡಬಾರದು. ಕೈ ಕೆಳಗೆ ಜೋತಾಡಿಸಿದರೂ ನರ ಎದ್ದು ಕಾಣುತ್ತದೆ. ಖಾಲಿ ಹೊಟ್ಟೆಯ ನಿಯಮ ಇಲ್ಲದಿದ್ದರೆ ಬೆಳಿಗ್ಗೆಯಿಂದ ಚೆನ್ನಾಗಿ ನೀರು ಕುಡಿಸಿ.

ಎರಡನೆಯದು ಒಂದು ಚಿಕ್ಕ ನೋಟ್‌ಬುಕ್. ಪ್ರತಿ ಸಲ ಎಲ್ಲಿ ನರ ಸಿಕ್ಕಿತು, ಯಾವ ಸೂಜಿ ಹಾಕಿದರು ಎಂದು ಬರೆದಿಡಿ. "ಎಡಗೈ ಹಿಂಭಾಗ, ಹಳದಿ ಕ್ಯಾನುಲಾ" ಎಂದರೆ ಸಾಕು. ಕ್ಯಾನುಲಾ ಅಂದರೆ ನರದಲ್ಲಿ ಇಟ್ಟುಬಿಡುವ ಸಣ್ಣ ಕೊಳವೆ. ಹಳದಿ ಬಣ್ಣದ್ದು 24 ಗೇಜ್, ಚಿಕ್ಕ ಮಕ್ಕಳಿಗೆ ಹಾಕುವ ಸಣ್ಣದು. ನೀಲಿಯದು 22, ಸ್ವಲ್ಪ ದಪ್ಪ. ಮುಂದಿನ ಸಲ ಹೊಸ ಸಿಸ್ಟರ್ ಬಂದಾಗ ಈ ಒಂದು ಸಾಲು ಎಷ್ಟೋ ಕೆಲಸ ಮಾಡುತ್ತದೆ.

ಮೂರನೆಯದು ಸ್ವಲ್ಪ ಧೈರ್ಯದ ಮಾತು. ಎರಡು ಸಲ ಚುಚ್ಚಿಯೂ ಸಿಗದಿದ್ದರೆ ನಿಲ್ಲಿಸಲು ಕೇಳಿ. "ಸಿಸ್ಟರ್, ಮಗು ಸ್ವಲ್ಪ ಸುಧಾರಿಸಿಕೊಳ್ಳಲಿ. ಸೀನಿಯರ್ ಯಾರಾದರೂ ಇದ್ದರೆ ಕರೀತೀರಾ?" ಇದು ಅವರಿಗೆ ಅವಮಾನ ಮಾಡಿದ ಹಾಗಲ್ಲ. ಚೆನ್ನಾಗಿ ಕೆಲಸ ಗೊತ್ತಿರುವವರಿಗೂ ಕೆಲವು ದಿನ ನರ ಸಿಗುವುದಿಲ್ಲ. ಸಿಟ್ಟಿನ ದನಿ ಬೇಡ, ಗಟ್ಟಿ ದನಿ ಸಾಕು. ವರ್ಷಗಟ್ಟಲೆ ಹೀಗೆ ಸೂಜಿ ಬೇಕಾಗುವ ಮಗುವಾದರೆ, ಚರ್ಮದ ಕೆಳಗೆ ಪೋರ್ಟ್ (ದೊಡ್ಡ ನರಕ್ಕೆ ಜೋಡಿಸಿದ, ಸೂಜಿ ಚುಚ್ಚಲು ಇರುವ ಚಿಕ್ಕ ಡಬ್ಬಿ) ಇಡುವುದು ಸರಿಯಾ ಎಂದೂ ಡಾಕ್ಟರ್ ಹತ್ತಿರ ಮಾತಾಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದನ್ನು ಬಹಳ ಕಡೆ ಇಡುತ್ತಾರೆ.

ಚರ್ಮ ಮರಗಟ್ಟಿಸುವ ಕ್ರೀಮ್ ಇದೆ ಅಂತಾರೆ. ಹೌದಾ?

ಇದೆ. ಲಿಡೊಕೇನ್ ಮತ್ತು ಪ್ರಿಲೊಕೇನ್ ಎಂಬ ಎರಡು ಔಷಧಿ ಸೇರಿದ ಕ್ರೀಮ್. ಡಾಕ್ಟರ್ ಚೀಟಿ ಬರೆದರೆ ದೊಡ್ಡ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ. ಸೂಜಿ ಹಾಕುವ ಜಾಗದಲ್ಲಿ ದಪ್ಪಗೆ ಹಚ್ಚಿ, ಉಜ್ಜದೆ, ಮೇಲೆ ಪಾರದರ್ಶಕ ಪ್ಲಾಸ್ಟರ್ ಮುಚ್ಚಬೇಕು. ಕೆಲಸ ಮಾಡಲು ಕಮ್ಮಿ ಎಂದರೂ ಒಂದು ಗಂಟೆ ಬೇಕು. ಬಹಳ ಜನ ಎಡವುವುದು ಇಲ್ಲೇ. ಆಸ್ಪತ್ರೆಗೆ ಬಂದ ಮೇಲೆ ಹಚ್ಚಿ, ಹತ್ತು ನಿಮಿಷಕ್ಕೆ ಸೂಜಿ ಹಾಕಿದರೆ ಕ್ರೀಮ್ ಹಚ್ಚಿದ್ದು ದಂಡ.

ದೂರದ ಪ್ರಯಾಣ ಇಲ್ಲಿ ನಮಗೆ ಉಪಯೋಗಕ್ಕೆ ಬರುತ್ತದೆ. ಮೈಸೂರಿಗೆ ಹೋಗುವವರು ಹುಣಸೂರಿನಲ್ಲಿ ಟೀಗೆ ನಿಲ್ಲಿಸಿದಾಗ ಹಚ್ಚಬಹುದು. ಅಲ್ಲಿಂದ ಆಸ್ಪತ್ರೆ ಸೇರಿ, ಚೀಟಿ ಮಾಡಿಸುವಷ್ಟರಲ್ಲಿ ಗಂಟೆ ದಾಟಿರುತ್ತದೆ. ಮಂಗಳೂರಿಗೆ ಇಳಿಯುವವರು ಪುತ್ತೂರಿನಲ್ಲಿ ಹಚ್ಚಬಹುದು. ಒಂದೇ ಜಾಗ ನಂಬಬೇಡಿ. ಎರಡು ಕೈಗೂ ಹಚ್ಚಲೇ, ಒಟ್ಟು ಎಷ್ಟು ಹಚ್ಚಬಹುದು, ಎಷ್ಟು ಹೊತ್ತು ಬಿಡಬಹುದು ಎಂದು ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ವಯಸ್ಸು, ತೂಕದ ಮೇಲೆ ಮಿತಿ ಇದೆ.

ತೆಗೆದಾಗ ಚರ್ಮ ಬೆಳ್ಳಗಾಗಿರುತ್ತದೆ, ಗಾಬರಿ ಬೇಡ. ಮಗುವಿಗೆ "ಗೊತ್ತೇ ಆಗಲ್ಲ" ಎಂದು ಹೇಳಬೇಡಿ. ಒತ್ತಿದ ಹಾಗೆ ಅನಿಸುತ್ತೆ ಎನ್ನಿ, ಯಾಕೆಂದರೆ ನಿಜವಾಗಿ ಹಾಗೇ ಅನಿಸುತ್ತದೆ. ಕೂಸು ಒಂದು ವರ್ಷದ ಒಳಗಿದ್ದರೆ, ಜಿ6ಪಿಡಿ ಎಂಬ ರಕ್ತದ ಕಿಣ್ವದ ಕೊರತೆ ಇದ್ದರೆ, ಅಥವಾ ಕೋಟ್ರೈಮಾಕ್ಸಜೋಲ್‌ನಂಥ ಸಲ್ಫಾ ಔಷಧಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಖಂಡಿತ ಹೇಳಿ. ಅಂಥವರಿಗೆ ಈ ಕ್ರೀಮ್‌ನಿಂದ ರಕ್ತದಲ್ಲಿ ತೊಂದರೆ ಆಗುವ ಸಾಧ್ಯತೆ ಇದೆ.

ಸೂಜಿ ಹಾಕುವಾಗ ಮೊಬೈಲ್ ತೋರಿಸಬಹುದಾ?

ಧಾರಾಳವಾಗಿ. ಮನೆಯಲ್ಲಿ ಮೊಬೈಲ್ ಬೇಡ ಎನ್ನುವ ನಿಯಮ ಆ ದಿನ ಸಡಿಲ ಆಗಲಿ. ಆದರೆ ವಿಡಿಯೋ ಮೊದಲೇ ಡೌನ್‌ಲೋಡ್ ಮಾಡಿಡಿ, ವಾರ್ಡಿನ ಒಳಗೆ ನೆಟ್‌ವರ್ಕ್ ನಂಬಲು ಆಗಲ್ಲ. ಮೂರು ನಾಲ್ಕು ವರ್ಷದವರಿಗೆ ಸೋಪಿನ ಗುಳ್ಳೆ ಊದುವುದು ಮೊಬೈಲಿಗಿಂತ ಚೆನ್ನಾಗಿ ಕೆಲಸ ಮಾಡಬಹುದು. ಊದುವಾಗ ಉಸಿರು ನಿಧಾನವಾಗುತ್ತದೆ, ಮೈ ಸಡಿಲ ಬಿಡುತ್ತದೆ. ಕೆಲವು ಮಕ್ಕಳು ಮಾತ್ರ ಸೂಜಿಯನ್ನೇ ನೋಡಬೇಕು ಎನ್ನುತ್ತಾರೆ. ನನ್ನ ಮಗಳು ಹಾಗೆಯೇ. ಅಂಥವರ ಮುಖ ಬಲವಂತವಾಗಿ ತಿರುಗಿಸಬೇಡಿ.

ಮಗು ಬೇಡ ಬೇಡ ಅಂದರೆ ಒಪ್ಪಿಸುವುದು ಹೇಗೆ?

"ಹಾಕಿಸ್ಕೊಳ್ತೀಯಾ?" ಎಂದು ಕೇಳಬೇಡಿ. ಬೇಡ ಎನ್ನಲು ಅವಕಾಶ ಇಲ್ಲದ ಕಡೆ ಆ ಪ್ರಶ್ನೆ ಕೇಳಿದರೆ ಮಗುವಿನ ಮಾತಿಗೆ ಬೆಲೆ ಇಲ್ಲ ಎಂದು ಹೇಳಿದ ಹಾಗಾಗುತ್ತದೆ. ನಿಜವಾಗಿ ಆರಿಸಲು ಆಗುವುದನ್ನು ಕೇಳಿ. ಯಾವ ಕೈ ಮೊದಲು ನೋಡಲಿ? ಅಮ್ಮನ ತೊಡೆಯಾ, ಅಪ್ಪನ ತೊಡೆಯಾ? ಟೇಪು ನೀನು ಕಿತ್ತುಕೊಡ್ತೀಯಾ, ಸಿಸ್ಟರ್ ಕೀಳಲಾ? ಎರಡೇ ಆಯ್ಕೆ ಇರಲಿ. ಟೇಪು ತಾನೇ ಕೀಳಲು ಸಿಕ್ಕಿದ ಮಗುವಿನ ಮುಖ ಒಮ್ಮೆ ನೋಡಿ. ಎಷ್ಟು ನಿಧಾನ, ಎಷ್ಟು ಗಂಭೀರ. ಸಿಸ್ಟರಿಗೆ ಒಂದೆರಡು ನಿಮಿಷ ಜಾಸ್ತಿ ಹಿಡಿಯಬಹುದು, ಆದರೆ ಆ ಮಗುವಿಗೆ ಇಡೀ ದಿನದಲ್ಲಿ ತನ್ನ ಕೈಯಲ್ಲಿದ್ದದ್ದು ಅದೊಂದೇ.

ಮುಗಿದ ಮೇಲೆ ಚಾಕೊಲೇಟ್, ಸ್ಟಿಕ್ಕರ್ ಕೊಡುವುದು ತಪ್ಪಲ್ಲ. "ಅಳದಿದ್ದರೆ ಕೊಡ್ತೀನಿ" ಎಂಬ ಷರತ್ತು ತಪ್ಪು. ಅತ್ತರೂ ಕೊಡಿ. ಕೈ ಅಲುಗಾಡಿಸದೆ ಇಟ್ಟುಕೊಂಡೆಯಲ್ಲ, ಅದಕ್ಕೆ ಎಂದು ಹೇಳಿ ಕೊಡಿ.

ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತಾರೆ. ಮಡಿಕೇರಿಯಿಂದ ಮೂರು ಗಂಟೆ ದಾರಿ. ಮಗು ಹೇಗೆ ತಡೆಯುತ್ತೆ?

ಮುಖ್ಯವಾಗಿ ನಿದ್ದೆ ಬರಿಸಿ ಮಾಡುವ ಕೆಲಸಕ್ಕೆ ಹೊಟ್ಟೆ ಖಾಲಿ ಇರಬೇಕು. ನಿದ್ದೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಅಪಾಯ, ಅದಕ್ಕೇ ಈ ನಿಯಮ. ಸುಮ್ನೆ ರಕ್ತ ತೆಗೆಯುವುದಕ್ಕೆ, ರಕ್ತ ಹಾಕುವುದಕ್ಕೆ ಸಾಮಾನ್ಯವಾಗಿ ಬೇಕಿಲ್ಲ. ಹಾಗಾಗಿ ಮೊದಲು "ಯಾವುದಕ್ಕೆ ಖಾಲಿ ಹೊಟ್ಟೆ?" ಎಂದು ಕೇಳಿ.

ಸಾಮಾನ್ಯ ಲೆಕ್ಕ ಹೀಗಿದೆ. ತಿಂಡಿಗೆ, ಹಸುವಿನ ಹಾಲಿಗೆ, ಪುಡಿ ಹಾಲಿಗೆ 6 ಗಂಟೆ. ಎದೆಹಾಲಿಗೆ 4 ಗಂಟೆ. ನೀರಿನಂಥ ತಿಳಿ ಪಾನೀಯಕ್ಕೆ 2 ಗಂಟೆ. ಎಂದರೆ ರಾತ್ರಿಯಿಂದ ಒಂದು ಹನಿ ನೀರೂ ಕೊಡದೆ ಮಧ್ಯಾಹ್ನದವರೆಗೆ ಒಣಗಿಸಬೇಕಾಗಿಲ್ಲ. ಬೆಳಿಗ್ಗೆ 10 ಗಂಟೆಗೆ ಕೆಲಸ ಇದ್ದರೆ 8ರವರೆಗೆ ಸಕ್ಕರೆ ನೀರು ಕೊಡಬಹುದೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಆಸ್ಪತ್ರೆ ಹೇಳಿದ ಗಂಟೆಯನ್ನೇ ಪಾಲಿಸಿ. ತಾರೀಕು ಕೊಡುವಾಗಲೇ "ನಾವು ಕೊಡಗಿನಿಂದ ಬರೋದು, ಚಿಕ್ಕ ಮಗು, ಮೊದಲ ನಂಬರ್ ಕೊಡ್ತೀರಾ?" ಎಂದು ಕೇಳಿಕೊಳ್ಳಿ. ಆಗದಿದ್ದರೆ ಹಿಂದಿನ ರಾತ್ರಿಯೇ ಹೋಗಿ ನೆಂಟರ ಮನೆಯಲ್ಲಿ ಉಳಿಯುವುದು ಮಗುವಿಗೆ ಸುಲಭ.

ಸಂಪಾಜೆ ಘಾಟಿ ಇಳಿಯುವಾಗ ವಾಂತಿ ಮಾಡುವ ಮಕ್ಕಳಿಗೆ ದಾರಿಯಲ್ಲಿ ಮೊಬೈಲ್ ಕೊಡಬೇಡಿ, ಮುಂದೆ ಕೂರಿಸಿಕೊಂಡು ಹೊರಗೆ ನೋಡಲು ಬಿಡಿ. ವಾಂತಿ ಮಾತ್ರೆಯನ್ನು ಡಾಕ್ಟರ್ ಹತ್ತಿರ ಕೇಳದೆ ಕೊಡಬೇಡಿ.

ಮಳೆಗಾಲದಲ್ಲಿ ರಸ್ತೆ ಬಂದ್ ಆದರೆ?

2018ರ ಆಗಸ್ಟ್ ಯಾರೂ ಮರೆತಿಲ್ಲ. ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಇಲ್ಲವಾಗಿತ್ತು. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಹಾಗಾಗಿ ಜೂನ್ ಬರುವ ಮುಂಚೆಯೇ ಡಾಕ್ಟರ್ ಹತ್ತಿರ ಕೂತು ಮೂರು ವಿಷಯ ಕೇಳಿಕೊಳ್ಳಿ. ತಾರೀಕು ಎಷ್ಟು ದಿನ ಹಿಂದೆ ಮುಂದೆ ಆಗಬಹುದು? ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲೇ ಮಾಡಿಸಬಹುದಾದ ಕೆಲಸ ಯಾವುದು? ಅಲ್ಲಿಯ ಡಾಕ್ಟರಿಗೆ ತೋರಿಸಲು ಒಂದು ಪತ್ರ ಕೊಡ್ತೀರಾ? ಈಗ ಅದು ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ, ಮಕ್ಕಳ ಡಾಕ್ಟರ್‌ಗಳಿದ್ದಾರೆ. ಔಷಧಿ ಎರಡು ವಾರಕ್ಕೆ ಹೆಚ್ಚಿಗೇ ಇಟ್ಟುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಕಾಯುವ ಹಾಗಿಲ್ಲ. ಕೀಮೋ ನಡೆಯುತ್ತಿರುವ ಮಗುವಿಗೆ ಅಥವಾ ಪೋರ್ಟ್ ಇರುವ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಅದು ತುರ್ತು. ಬೆಳಿಗ್ಗೆವರೆಗೆ ನೋಡೋಣ, ಮಳೆ ನಿಲ್ಲಲಿ ಎಂದು ಕೂರಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿಸಿ. ವಾಹನ ಇಲ್ಲದಿದ್ದರೆ 108. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಮನೆ ಹತ್ತಿರ ನೆಟ್‌ವರ್ಕ್ ಸಿಗದ ತೋಟದವರು ಯಾರ ಮನೆ ಫೋನ್, ಯಾರ ಜೀಪು ಎಂದು ಮೊದಲೇ ಮಾತಾಡಿಟ್ಟಿರಿ.

ರಕ್ತ ಹಾಕುವಾಗ ಏನು ಗಮನಿಸಬೇಕು?

ಚಳಿ, ನಡುಕ, ಜ್ವರ, ಮೈಮೇಲೆ ದದ್ದು, ಉಸಿರಾಟದ ತೊಂದರೆ, ಬೆನ್ನುನೋವು, ಮೂತ್ರದ ಬಣ್ಣ ಕೆಂಪು ಅಥವಾ ಕಪ್ಪು. ಇದರಲ್ಲಿ ಯಾವುದು ಕಂಡರೂ ಕೂಡಲೇ ಸಿಸ್ಟರನ್ನು ಕರೆಯಿರಿ. ಫ್ರಿಜ್‌ನಿಂದ ತೆಗೆದ ರಕ್ತವನ್ನು 4 ಗಂಟೆಯೊಳಗೆ ಹಾಕಿ ಮುಗಿಸಬೇಕು, ಅದಕ್ಕೂ ಮುಂಚೆ ಮಗುವಿನ ರಕ್ತದ ಜೊತೆ ಹೊಂದಿಸಿ ನೋಡಬೇಕು. ಹಾಗಾಗಿ ಇಡೀ ದಿನದ ಕೆಲಸ ಎಂದೇ ಹೊರಡಿ.

ಕೊಡಗಿನವರಿಗೆ ಮಾತ್ರ ಹೇಳಬೇಕಾದ ಒಂದು ವಿಷಯ ಇದೆ. ಕಕ್ಕಡ ಹದಿನೆಂಟರಂದು, ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ. ರಕ್ತ ಹಾಕಿಸುವ ದಿನ ಅದೇ ಬಣ್ಣ ಅಪಾಯದ ಗುರುತು. ಯಾವುದರಿಂದ ಆಯಿತು ಎಂದು ಬಣ್ಣ ನೋಡಿ ಯಾರಿಗೂ ಹೇಳಲು ಆಗುವುದಿಲ್ಲ. ಆಸುಪಾಸಿನಲ್ಲಿ ತಾರೀಕು ಇದ್ದರೆ ಆ ಮಗುವಿಗೆ ಪಾಯಸ ಬೇಡ. ಕೊಟ್ಟಾಗಿದ್ದರೆ ಡಾಕ್ಟರಿಗೆ ಹೇಳಿ.

ಹಿರಿಯರು ನಾಟಿ ಮದ್ದು, ಹರಕೆ ಅಂತಾರೆ. ಬೇಡ ಅಂದರೆ ಬೇಜಾರು.

ಹರಕೆ ಹೊರಲಿ, ಭಾಗಮಂಡಲಕ್ಕೆ ಹೋಗಿ ಬರಲಿ. ಅದರಿಂದ ಮನೆಯವರಿಗೆ ಧೈರ್ಯ ಬರುತ್ತದೆ. ಹೊಟ್ಟೆಗೆ ಕೊಡುವುದರಲ್ಲಿ ಮಾತ್ರ ಗಟ್ಟಿಯಾಗಿರಿ. "ರಕ್ತ ಕಮ್ಮಿ ಅಲ್ವಾ, ಕಬ್ಬಿಣದ ಟಾನಿಕ್ ಕೊಡಿ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಥಲಸ್ಸೇಮಿಯಾ ಮಗುವಿಗೆ ಹಾಕಿದ ರಕ್ತದಿಂದಲೇ ಮೈಯಲ್ಲಿ ಕಬ್ಬಿಣ ಜಾಸ್ತಿಯಾಗಿ ಹೃದಯ, ಲಿವರ್‌ಗೆ ತೊಂದರೆ ಕೊಡುತ್ತದೆ. ಅದನ್ನು ಹೊರಗೆ ಹಾಕಲೆಂದೇ ಡೆಫೆರಸಿರಾಕ್ಸ್‌ನಂಥ ಮಾತ್ರೆ ಕೊಡುವುದು. ಅತ್ತೆಯವರನ್ನೋ ಮಾವನವರನ್ನೋ ಒಮ್ಮೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಹೇಳಿಸಿ. ಸೊಸೆ ನೂರು ಸಲ ಹೇಳುವುದೂ ಡಾಕ್ಟರ್ ಒಂದು ಸಲ ಹೇಳುವುದೂ ಒಂದೇ.

ಅಕ್ಕಪಕ್ಕದವರು "ತುಂಟತನ ಮಾಡಿದರೆ ಇಂಜೆಕ್ಷನ್ ಹಾಕಿಸ್ತೀನಿ" ಅಂತ ಹೆದರಿಸ್ತಾರೆ.

ನಿಲ್ಲಿಸಲು ಹೇಳಿ, ಮುಖಕ್ಕೆ ಮುಖ ಕೊಟ್ಟು ಹೇಳಿ. ನಮ್ಮ ಮಕ್ಕಳಿಗೆ ಇಂಜೆಕ್ಷನ್ ಶಿಕ್ಷೆ ಅಲ್ಲ, ಅವರ ಬದುಕಿನ ಭಾಗ. ತುಂಟತನಕ್ಕೆ ಸೂಜಿ ಎಂದು ಒಮ್ಮೆ ಮನಸ್ಸಿಗೆ ಬಂದರೆ, ತಿಂಗಳು ತಿಂಗಳು ಚುಚ್ಚಿಸಿಕೊಳ್ಳುವ ನಾನು ಎಂಥ ಕೆಟ್ಟವನಿರಬೇಕು ಎಂದು ಮಗು ಲೆಕ್ಕ ಹಾಕುತ್ತದೆ. ಮೂರರಿಂದ ಆರು ವರ್ಷದ ಮಕ್ಕಳು ತಮ್ಮ ತಪ್ಪಿನಿಂದಲೇ ಕಾಯಿಲೆ ಬಂತು ಎಂದು ಸುಲಭವಾಗಿ ನಂಬುತ್ತಾರೆ. "ಇದು ನಿನ್ನ ತಪ್ಪಲ್ಲ" ಎಂದು ಆಗಾಗ ಬಾಯಿಬಿಟ್ಟು ಹೇಳಿ.

ಪುತ್ತರಿಗೆ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಮಗುವಿನ ಮುಂದೆಯೇ "ಪಾಪ, ಎಷ್ಟು ಸೊರಗಿದೆ" ಎನ್ನುವವರೂ ಇರುತ್ತಾರೆ. ಒಬ್ಬ ಚಿಕ್ಕಪ್ಪನಿಗೋ ಅತ್ತೆಗೋ ಮೊದಲೇ ಹೇಳಿಡಿ. ಅವರು ಉಳಿದವರಿಗೆ ಹೇಳುತ್ತಾರೆ.

ಮನೆಗೆ ಬಂದ ಮೇಲೆ ಸಿಕ್ಕಾಪಟ್ಟೆ ಹಠ. ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರು. ಹೊಡೆಯಲೂ ಬರ್ತಾನೆ.

ಆಸ್ಪತ್ರೆಯಲ್ಲಿ ತಡೆದುಕೊಂಡದ್ದು ಮನೆಯಲ್ಲಿ ಹೊರಗೆ ಬರುತ್ತಿದೆ. ನಿಮ್ಮ ಹತ್ತಿರವೇ ಬರುತ್ತಿದೆ, ಯಾಕೆಂದರೆ ನೀವು ಬಿಟ್ಟುಹೋಗುವುದಿಲ್ಲ ಎಂದು ಗೊತ್ತು. ಹಾಸಿಗೆ ಒದ್ದೆಗೆ ಬೈಯಬೇಡಿ. ಹೊಡೆಯುವುದಕ್ಕೆ ಮಾತ್ರ ಬೇಡ ಎನ್ನಿ, ಸಿಟ್ಟು ಬಂದಿದೆ ಅಂತ ಗೊತ್ತು ಎಂದೂ ಹೇಳಿ. ಊಟ, ನಿದ್ದೆ, ಸ್ನಾನದ ಹೊತ್ತು ಎಂದಿನಂತೆ ಇರಲಿ. ಕಾಯಿಲೆ ಮಗು ಎಂದು ಎಲ್ಲ ನಿಯಮ ಕೈಬಿಟ್ಟರೆ ಮಗುವಿಗೆ ಇನ್ನೂ ದಿಕ್ಕು ತಪ್ಪುತ್ತದೆ.

ಮಲಗುವಾಗ ಆ ದಿನದ ಕತೆಯನ್ನು ಒಮ್ಮೆ ಜೊತೆಯಲ್ಲಿ ಹೇಳಿ. ನೋವನ್ನು ಮುಚ್ಚಿಡದೆ, ಮಗು ಮಾಡಿದ್ದನ್ನೂ ಸೇರಿಸಿ. "ಸೂಜಿ ಹಾಕಿದಾಗ ಅತ್ತೆ. ಆಮೇಲೆ ಗುಳ್ಳೆ ಊದಿದೆ. ಟೇಪು ನೀನೇ ಕಿತ್ತೆ." ಮಗುವಿನ ನೆನಪಿನಲ್ಲಿ ಇದು ಹೇಗೆ ಉಳಿಯುತ್ತದೆಯೋ ಅದರ ಮೇಲೆ ಮುಂದಿನ ಸಲದ ಭಯ ನಿಂತಿದೆ. ನನ್ನ ಮಟ್ಟಿಗೆ ಕ್ರೀಮ್, ಮೊಬೈಲ್ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಈ ಹತ್ತು ನಿಮಿಷ.

ಮಗಳು ಗೊಂಬೆಗೆ ಇಡೀ ದಿನ ಇಂಜೆಕ್ಷನ್ ಚುಚ್ಚುತ್ತಾಳೆ. ನೋಡಿದರೆ ಸಂಕಟ ಆಗುತ್ತೆ.

ಚುಚ್ಚಲಿ ಬಿಡಿ. ಗೊಂಬೆ ಮುಂದೆ ಅವಳು ಡಾಕ್ಟರ್. ಸೂಜಿ ಇಲ್ಲದ ಸಿರಿಂಜ್, ಹತ್ತಿ, ಬ್ಯಾಂಡೇಜ್ ಕೊಡಿ. ನೀವೂ ಪೇಷೆಂಟ್ ಆಗಿ, ಅಳಿ. ಅವಳು ನಿಮಗೆ ಏನು ಹೇಳಿ ಸಮಾಧಾನ ಮಾಡುತ್ತಾಳೆ ಎಂದು ಕೇಳಿಸಿಕೊಳ್ಳಿ. ಅವಳಿಗೆ ಆಸ್ಪತ್ರೆಯಲ್ಲಿ ಏನು ಬೇಕಿತ್ತು ಎಂದು ಅಲ್ಲಿ ಗೊತ್ತಾಗುತ್ತದೆ.

ದೊಡ್ಡ ಮಗನಿಗೆ ಯಾರೂ ಇಲ್ಲದ ಹಾಗಾಗಿದೆ.

ಅವನಿಗೂ ನಿಜ ಹೇಳಿ. ಇದು ಅಂಟುವ ಕಾಯಿಲೆ ಅಲ್ಲದಿದ್ದರೆ ಅದನ್ನೂ ಹೇಳಿ, ಮಕ್ಕಳು ಕೇಳದೆ ಹೆದರುತ್ತಾರೆ. ರಜೆಯಲ್ಲಿ ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ. ವಾರದಲ್ಲಿ ಸ್ವಲ್ಪ ಹೊತ್ತು ಅವನೊಬ್ಬನದೇ ಆಗಿರಲಿ, ತೋಟದಲ್ಲಿ ಒಂದು ಸುತ್ತು ಹೋಗಿ ಬಂದರೂ ಸಾಕು.

ಖರ್ಚಿಗೆ ಏನಾದರೂ ದಾರಿ ಇದೆಯಾ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದನ್ನು ಮರೆತು ಮೈಸೂರಿಗೆ ಹೋಗಿ ವಾಪಸ್ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ, ಮುಂದಿನ ಚಿಕಿತ್ಸೆಗೆ ಕಳಿಸುವುದು ಅವರ ಕೆಲಸ. ಥಲಸ್ಸೇಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್ ಮೂರನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿಸಿದ್ದಾರೆ. ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಆದಿವಾಸಿಗಳ ಹಾಡಿಗಳಲ್ಲಿ ಸಿಕಲ್ ಸೆಲ್ ತಪಾಸಣೆ ನಡೆದಾಗ ಮಕ್ಕಳನ್ನು ತಪ್ಪದೆ ಕಳಿಸಿ. ಆಶಾ ಕಾರ್ಯಕರ್ತೆಗೆ ಇದೆಲ್ಲ ಗೊತ್ತಿರುತ್ತದೆ, ಅವರನ್ನೇ ಕೇಳಿ.

ಮಗುವಿಗಿಂತ ಜಾಸ್ತಿ ನಾನೇ ಅಳ್ತೀನಿ. ಒಳಗೆ ನಿಲ್ಲಲು ಆಗಲ್ಲ.

ಹಾಗಾದರೆ ಅಪ್ಪ ನಿಲ್ಲಲಿ. ಅಜ್ಜಿ ನಿಲ್ಲಲಿ. ಅಮ್ಮನೇ ಇರಬೇಕು ಎಂಬ ಕಾನೂನಿಲ್ಲ. ಅಪ್ಪಂದಿರು ಬಿಲ್ಲು ಕಟ್ಟುವ, ರಕ್ತ ತರುವ ಕೆಲಸಕ್ಕೆ ಓಡಾಡುತ್ತಲೇ ಇರುತ್ತಾರೆ, ಒಳಗೆ ಬರುವುದಿಲ್ಲ. ಒಮ್ಮೆ ಕೆಲಸ ಬದಲಾಯಿಸಿ ನೋಡಿ. ಕಣ್ಣಲ್ಲಿ ನೀರು ಬಂದರೆ ಮಗುವಿಗೆ "ಅಮ್ಮನಿಗೂ ಬೇಜಾರಾಯ್ತು, ಆದರೂ ಇಲ್ಲೇ ಇದ್ದೀನಿ" ಎನ್ನಬಹುದು. ರಾತ್ರಿ ನಿದ್ದೆ ಬಾರದೆ, ಊಟ ಸೇರದೆ ದಿನಗಳು ಕಳೆಯುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ಸಲ ಆದರೂ ಭಯ ಕಮ್ಮಿ ಆಗಿಲ್ಲ, ಜಾಸ್ತಿ ಆಗ್ತಿದೆ. ಅಭ್ಯಾಸ ಆಗುತ್ತೆ ಅಂತ ಎಲ್ಲರೂ ಅಂದಿದ್ರಲ್ಲ?

ನೋವಿಗೆ ಮಕ್ಕಳು ತಾವಾಗಿ ಒಗ್ಗುವುದಿಲ್ಲ. ಒಂದು ಸಲ ಕೆಟ್ಟದಾಗಿ ನಡೆದರೆ ಮುಂದಿನ ಸಲ ಭಯ ಅಲ್ಲಿಂದಲೇ ಶುರುವಾಗುತ್ತದೆ. ವಾರಗಟ್ಟಲೆ ನಿದ್ದೆಯಲ್ಲಿ ಬೆಚ್ಚುವುದು, ಬಿಳಿ ಕೋಟು ಕಂಡರೆ ವಾಂತಿ, ಮಾತು ಕಮ್ಮಿಯಾಗುವುದು, ಆಟದಲ್ಲಿ ಮನಸ್ಸಿಲ್ಲದಿರುವುದು ಕಂಡರೆ ಡಾಕ್ಟರಿಗೆ ಕಾಯಿಲೆಯ ಲಕ್ಷಣ ಹೇಳುವಷ್ಟೇ ಗಂಭೀರವಾಗಿ ಹೇಳಿ. ಅವರ ಹತ್ತಿರ ದಾರಿಗಳಿವೆ. ಎರಡು ಪರೀಕ್ಷೆಯ ರಕ್ತ ಒಂದೇ ಸೂಜಿಯಲ್ಲಿ ತೆಗೆಯಬಹುದು. ಬೆನ್ನಿನ ನೀರು, ಮೂಳೆಮಜ್ಜೆ ಪರೀಕ್ಷೆಗೆ ನಿದ್ದೆ ಬರಿಸಬಹುದು. ನೋವಿನ ಔಷಧಿಯನ್ನು ಡ್ರೆಸ್ಸಿಂಗ್‌ಗೆ ಮುಂಚೆಯೇ ಕೊಡಬಹುದು. ಮಕ್ಕಳ ಮನಸ್ಸಿನ ತಜ್ಞರ ಹತ್ತಿರ ಕಳಿಸಬಹುದು. ಕೇಳದಿದ್ದರೆ ಇದೆಲ್ಲ ತಾನಾಗಿ ಸಿಗುವುದು ಕಷ್ಟ, ವಾರ್ಡಿನಲ್ಲಿ ಅವರಿಗೂ ಅಷ್ಟು ಕೆಲಸ. ಓಪಿಡಿಯ ಗದ್ದಲದಲ್ಲಿ ಮಾತು ಮರೆತುಹೋಗುತ್ತದೆ, ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ. ಮುಂದಿನ ತಾರೀಕು ಬರೆಸಿಕೊಳ್ಳುವ ಹೊತ್ತಿನಲ್ಲೇ ಕೇಳಿ, ಆ ದಿನ ಬಂದ ಮೇಲೆ ಅಲ್ಲ.